ರೈಫಲ್ ಮೇಡಂ

ಅವರು ತೀರಿಕೊಂಡ ಸುದ್ದಿ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ತಿಂಡಿ ಹೊತ್ತಿಗೆ ಬಂತು. ಸ್ವಲ್ಪ ಹೊತ್ತಿನಲ್ಲೇ ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ಮಹಾನ್ ಗುರು’, ‘ಮೂಡಿಗೆರೆಗೆ ತುಂಬಲಾರದ ನಷ್ಟ’ ಅಂತೆಲ್ಲ ಬರೆದಿದ್ದರು. ಬರೆದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಅವರಲ್ಲಿ ಬಹಳ ಜನ, ಮೇಡಂ ಎದುರಿಗೆ ಬರುವುದು ಕಂಡರೆ ಪಕ್ಕದ ಔಷಧಿ ಅಂಗಡಿಗೆ ನುಗ್ಗಿಬಿಡುತ್ತಿದ್ದವರು. ನಾನು ಏನೂ ಬರೆಯಲಿಲ್ಲ. ಅಂಗಡಿಯ ಬಾಗಿಲು ಎಳೆದು ಚಿಕ್ಕಮಗಳೂರಿನ ಬಸ್ಸು ಹತ್ತಿದೆ.

ನಾನು ಮೂಡಿಗೆರೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮೇಡಂ ನನಗೆ ಪರಿಚಯವಾದದ್ದೂ ಹೊಲಿಗೆಯಿಂದಲೇ. ಒಂದು ದಿನ ಮಧ್ಯಾಹ್ನ ಗಂಡಸರ ರೈನ್‌ಕೋಟು ಹಾಕಿಕೊಂಡ, ಕತ್ತರಿಸಿದ ನರೆಗೂದಲಿನ ಹೆಂಗಸೊಬ್ಬರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದು, ದಪ್ಪ ಕ್ಯಾನ್ವಾಸಿನ ಒಂದು ಸುರುಳಿಯನ್ನು ನನ್ನ ಮೆಷಿನ್ನಿನ ಮೇಲೆ ಧೊಪ್ಪನೆ ಹಾಕಿದರು.

“ಇದನ್ನ ಹೊಲಿಯೋಕೆ ಬರುತ್ತಾ ನಿಂಗೆ?”

“ಸೂಜಿ ಮುರಿಯುತ್ತೆ ಮೇಡಂ. ಎಂತ ಹೊಲಿಬೇಕು?”

“ಜಾಕೆಟ್ಟು. ರೈಫಲ್ ಹೊಡೆಯೋ ಮಕ್ಕಳಿಗೆ. ಹೊರಗಿಂದ ತರಿಸೋಕೆ ಎಲ್ಲರ ಹತ್ರ ಆಗೋದಿಲ್ಲ.”

ನಾನು ಅಳತೆ ಪಟ್ಟಿ ತೆಗೆದು, ಕಾಲರು ಹೇಗಿರಬೇಕು, ಜೇಬು ಎಲ್ಲಿ ಬೇಕು ಅಂತ ಕೇಳತೊಡಗಿದೆ. ಅವರಿಗೆ ಸಿಟ್ಟು ಬಂತು. “ಎಂತ ಮಾರಾಯ್ತಿ, ಇದು ಮದುವೆ ಮನೆಗೆ ಹಾಕ್ಕೊಂಡು ಹೋಗೋದಲ್ಲ. ಚಂದ ಕಾಣೋದು ಬೇಡ. ಹಾಕ್ಕೊಂಡವಳ ಬೆನ್ನು ಬಾಗಬಾರ್ದು, ಉಸಿರು ಕಟ್ಟಬಾರ್ದು. ಅಷ್ಟೇ.”

ಆ ಜಾಕೆಟ್ಟನ್ನು ನಾನು ಎಷ್ಟು ಸಲ ಬಿಚ್ಚಿ ಹೊಲಿದೆನೋ. ಕೊನೆಗೆ ಅವರು, “ಹೊಡೆಯೋದು ಹೇಗೆ ಅಂತ ಗೊತ್ತಿಲ್ಲದೆ ನಿನಗಿದು ಬರೋದಿಲ್ಲ, ನಾಳೆ ನಮ್ಮ ಕ್ಲಬ್ಬಿನ ಗೋಡೌನಿಗೆ ಬಾ” ಅಂದರು. ಮೂವತ್ತೆಂಟು ದಾಟಿದ, ಮನೆಯಲ್ಲಿ ಹಲ್ಲಿ ಓಡಿಸಲೂ ಹೆದರುವ ಹೆಂಗಸು ನಾನು. ಹಾಗೆ ಹೋದವಳು ಆಮೇಲೆ ವಾರಕ್ಕೆರಡು ಸಲ ಹೋಗತೊಡಗಿದೆ.

ಅವರು ಸಂಸೆಯ ಕಡೆಯವರು. ಹುಡುಗಿಯರ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿ ನಿವೃತ್ತರಾದವರು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹಿಡಿದಿದ್ದರಂತೆ, ಅದನ್ನು ಆಮೇಲೆ ಬಿಡಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, “ಪುರುಸೊತ್ತಾಗ್ಲಿಲ್ಲ” ಅನ್ನುತ್ತಿದ್ದರು. ಊರಿನ ಶೂಟಿಂಗ್ ಕ್ಲಬ್ಬಿಗೆ ಅವರೇ ಗುರು, ಅವರೇ ಕಸ ಗುಡಿಸುವವರು. ಅಲ್ಲಿದ್ದದ್ದೆಲ್ಲ ಗಾಳಿಯ ಒತ್ತಡದಿಂದ ಸಣ್ಣ ಸೀಸದ ಗುಂಡು ಹಾರಿಸುವ ಏರ್ ರೈಫಲುಗಳು. ಗೋಡೌನು ಕ್ಲಬ್ಬಿನ ಅಧ್ಯಕ್ಷರದ್ದು. ಅವರು ದೊಡ್ಡ ಕಾಫಿ ಎಸ್ಟೇಟಿನ ಮಾಲೀಕರು. ಹಿಂದೆ ಕಾಫಿ ಮೂಟೆ ಪೇರಿಸುತ್ತಿದ್ದ ಆ ಜಾಗದ ಒಂದು ತುದಿಗೆ ಮರಳಿನ ಚೀಲ ಒಟ್ಟಿ, ಗುರಿಯ ಕಾಗದ ಹಿಂದೆ ಮುಂದೆ ಹೋಗುವ ಹಾಗೆ ಹಗ್ಗ ಮತ್ತು ರಾಟೆ ಕಟ್ಟಿದ್ದು ಮಾತ್ರ ಮೇಡಂ.

ಹೊಸಬರು ಬಂದರೆ ಅವರು ರೈಫಲ್ ಮುಟ್ಟಿಸುತ್ತಿರಲಿಲ್ಲ. ಮೊದಲು ಕಣ್ಣು ನೋಡುತ್ತಿದ್ದರು. ನನಗೂ ಹಾಗೇ ಮಾಡಿದರು.

“ಎರಡೂ ಕೈ ಮುಂದಕ್ಕೆ ಚಾಚು. ಬೆರಳು ಸೇರಿಸಿ ನಡುವೆ ಒಂದು ಕಿಂಡಿ ಮಾಡು. ಅದರೊಳಗಿಂದ ಆ ಬಾಗಿಲಿನ ಬೀಗ ನೋಡು. ಕಾಣುತ್ತಾ?”

“ಕಾಣುತ್ತೆ.”

“ಈಗ ಎಡಗಣ್ಣು ಮುಚ್ಚು. ಬೀಗ ಉಂಟಾ?”

“ಇಲ್ಲ, ಹೋಯ್ತು!”

“ಹಾಗಾದ್ರೆ ನೀನು ಎಡಗಣ್ಣಿನವಳು. ಊಟ ಬಲಗೈಲೇ ಮಾಡು. ಆದ್ರೆ ರೈಫಲ್ ಎಡ ಭುಜಕ್ಕೆ.” ಎರಡೂ ಭುಜಕ್ಕೆ ಒಗ್ಗುವಂಥ ಸಾದಾ ಹಿಡಿಯ ಹಳೆಯ ರೈಫಲೊಂದನ್ನು ಹುಡುಕಿ ಕೊಟ್ಟರು. ಗುಂಡು ಹಾಕದೆ, ಬಿಳಿ ಗೋಡೆಗೆ ಹಿಡಿದು ಸುಮ್ಮನೆ ನಿಲ್ಲುವುದು, ಇಳಿಸುವುದು, ಮತ್ತೆ ಎತ್ತುವುದು. ತಿಂಗಳಾನುಗಟ್ಟಲೆ ಇದೇ. ಬೆನ್ನ ಹಿಂದೆ ಬಂದು ಎರಡು ಬೆರಳಿನಿಂದ ನಡುಬೆನ್ನನ್ನು ಒತ್ತುತ್ತಿದ್ದರು. ಒತ್ತಿದರೆ ತಪ್ಪಾಗಿದೆ ಅಂತ ಅರ್ಥ. ಸರಿಯಾಗಿದ್ದರೆ ಏನೂ ಹೇಳದೆ ಮುಂದಿನವರ ಹತ್ತಿರ ಹೋಗುತ್ತಿದ್ದರು. ಅವರ ಬಾಯಲ್ಲಿ ಶಭಾಷ್ ಅನ್ನುವ ಮಾತು ನಾನು ಕೇಳಿದ್ದೇ ಇಲ್ಲ.

ರೈಫಲ್ ಕೊಳ್ಳುವ ವಿಷಯದಲ್ಲಿ ಅವರಿಗೂ ಪ್ಲಾಂಟರುಗಳಿಗೂ ಯಾವಾಗಲೂ ಜಗಳ. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಒಬ್ಬರು ಮಗಳಿಗೆಂದು ಪರದೇಶದ ರೈಫಲ್ ತರಿಸಿ, ಅದರ ಮೇಲೆ ಮೊಳದುದ್ದದ ದುರ್ಬೀನು ಕೂರಿಸಿಕೊಂಡು ಬಂದರು. ಮೇಡಂ ಆ ಹುಡುಗಿಯ ಕೈಗೆ ಅದನ್ನು ಕೊಟ್ಟು ನಿಲ್ಲಿಸಿದರು. ಭಾರಕ್ಕೆ ಹುಡುಗಿಯ ಸೊಂಟ ಮುಂದಕ್ಕೆ ಬಂತು, ತಲೆ ಹಿಂದಕ್ಕೆ ವಾಲಿತು.

“ರೈಫಲಿನ ತೂಕ ಕೇಳಿದ್ರಿ, ಮಗಳ ತೂಕ ನೋಡಿದ್ರಾ?” ಅಂದರು ಮೇಡಂ.

“ಮುಂದೆ ಬೆಳೀತಾಳಲ್ಲ ಮೇಡಂ.”

“ಬೆಳೆಯೋ ಹೊತ್ತಿಗೆ ಬೆನ್ನು ಹೋಗಿರುತ್ತೆ. ಮತ್ತೆ ಈ ದುರ್ಬೀನು ಎಂತಕ್ಕೆ? ಸ್ಪರ್ಧೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಗುರಿ ಇರೋದು ಹತ್ತು ಮೀಟರಲ್ಲಿ, ಸಂಸೆಯಲ್ಲಲ್ಲ.”

ಮಕ್ಕಳು ನಕ್ಕರು. ಆ ತಂದೆ ನಗಲಿಲ್ಲ. ಮೇಡಂಗೆ ಅದು ಗೊತ್ತಾಗುತ್ತಿರಲಿಲ್ಲವೋ, ಗೊತ್ತಾದರೂ ಬೇಕಿರಲಿಲ್ಲವೋ. ಅವರದ್ದು ಒಂದೇ ಮಾತು: ಒಂದು ವರ್ಷ ಕ್ಲಬ್ಬಿನ ರೈಫಲಿನಲ್ಲೇ ಹೊಡಿ, ನಿನ್ನ ಕೈ ಎಷ್ಟುದ್ದ, ಕತ್ತು ಎಷ್ಟುದ್ದ ಅಂತ ನಿನಗೇ ತಿಳೀಲಿ, ಹಿಡಿಯನ್ನು ಉದ್ದ ಗಿಡ್ಡ ಮಾಡೋಕೆ ಬರುವಂಥದ್ದು ಆಮೇಲೆ ತಗೋ. ಅದಕ್ಕೂ ಮೊದಲು ಅಡಿ ಚಪ್ಪಟೆಯಿರುವ ಒಂದು ಜೊತೆ ಬೂಟು ತಗೋ. ನಿಂತ ನೆಲವೇ ಅಲುಗಿದರೆ ಯಾವ ದೇಶದ ರೈಫಲಾದರೂ ಒಂದೇ. ಇದನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಬೂಟು ಕೊಂಡವರು ಕಡಿಮೆ.

ಮೇಡಂ ಬಾಯಿ ಕೆಟ್ಟದ್ದು, ಅದನ್ನು ಮುಚ್ಚಿಟ್ಟು ಬರೆಯಲಾರೆ. ಒಬ್ಬಳು ಹುಡುಗಿ ತಮಾಷೆಗೆ ಖಾಲಿ ರೈಫಲನ್ನು ಗೆಳತಿಯ ಕಡೆ ತಿರುಗಿಸಿದಳು. ಮೇಡಂ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಇನ್ನು ಮುಂದೆ ಗೋಡೌನಿನ ಬಾಗಿಲು ತುಳಿಯಬೇಡ ಅಂದರು. ಹುಡುಗಿಯ ತಾಯಿ ಬಂದು ಅತ್ತರು. “ಖಾಲಿ ಇತ್ತಲ್ಲ ಮೇಡಂ” ಅಂದರು.

“ಖಾಲಿ ಅಂತ ಯಾರು ಹೇಳಿದ್ದು? ಅವಳು ನೋಡಿದ್ಲಾ? ನೀವು ನೋಡಿದ್ರಾ?” ಅಂದರು ಮೇಡಂ. ಆ ಹುಡುಗಿಯನ್ನು ಮತ್ತೆ ಸೇರಿಸಿಕೊಳ್ಳಲೇ ಇಲ್ಲ. ಅವತ್ತು ನನಗೂ ಇದು ಅತಿಯಾಯಿತು ಅನಿಸಿತ್ತು.

ಅಧ್ಯಕ್ಷರ ಎಸ್ಟೇಟಿನಲ್ಲಿ ಒಂದು ಹೋಮ್‌ಸ್ಟೇ ಇತ್ತು. ಶನಿವಾರ ಭಾನುವಾರ ಬರುವ ಅತಿಥಿಗಳಿಗೆ ಜೀಪು, ಬೆಂಕಿ ಸುತ್ತ ಕುಣಿತ ಎಲ್ಲ ಮುಗಿದ ಮೇಲೆ ಮತ್ತೇನು ಅನ್ನುವ ಪ್ರಶ್ನೆ. ಅವರು ಮೇಡಂ ಹತ್ತಿರ ಬಂದು, ಎರಡು ರೈಫಲ್ ಕೊಟ್ಟಿರಿ, ಬಾಟಲಿ ಹೊಡೀತಾರೆ ಅಂತ ಕೇಳಿದಾಗ ನಾನು ಅಲ್ಲೇ ಇದ್ದೆ.

“ಇದು ಆಟದ ಸಾಮಾನಲ್ಲ,” ಅಂದರು ಮೇಡಂ.

“ಏರ್‌ಗನ್ ಮೇಡಂ, ಕೋವಿ ಅಲ್ವಲ್ಲ. ಲೈಸೆನ್ಸೂ ಬೇಡ.”

“ಲೈಸೆನ್ಸ್ ಬೇಡ, ಬುದ್ಧಿ ಬೇಕು. ಬಾಟಲಿ ಆದ್ಮೇಲೆ ಮಂಗ, ಮಂಗ ಆದ್ಮೇಲೆ ಇನ್ನೊಂದು. ಕೊಡೋದಿಲ್ಲ.”

ಅಧ್ಯಕ್ಷರು ನಕ್ಕುಬಿಟ್ಟರು. ಅವರದ್ದು ಮೆತ್ತಗಿನ ಮಾತು, ಎಲ್ಲರನ್ನೂ ‘ನೀವು’ ಅನ್ನುವವರು. ರೈಫಲ್ ಇಡುವ ಕಬ್ಬಿಣದ ಬೀರುವಿಗೆ ಎರಡು ಕೀಲಿ. ಒಂದು ಮೇಡಂ ಹತ್ತಿರ, ಇನ್ನೊಂದು ಅವರ ಹತ್ತಿರ. ಅವರು ಅದನ್ನು ತೆಗೆದು ನೆಂಟರಿಗೆ ರೈಫಲ್ ತೋರಿಸಿದ್ದನ್ನು ನಾನೇ ನೋಡಿದ್ದೆ.

ಕಾಫಿ ಕೊಯ್ಲಿನ ಕಾಲ. ಮೇಡಂ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಸ್ಪರ್ಧೆಗೆ ಹೋಗಿದ್ದರು. ಆ ದಿನಗಳಲ್ಲೇ ಅಧ್ಯಕ್ಷರ ಎಸ್ಟೇಟಿನಲ್ಲಿ ಸರೋಜ ಅನ್ನುವ ಹೆಂಗಸಿನ ಕಣ್ಣಿಗೆ ಪೆಟ್ಟಾಯಿತು ಅಂತ ಸುದ್ದಿ. ಕಣದಲ್ಲಿ ಕಾಫಿ ಹರಡುತ್ತಿದ್ದವಳು. ಕಾಫಿ ಗಿಡದ ಕಡ್ಡಿ ಚುಚ್ಚಿತಂತೆ, ಪಾಪ ಅಂದರು. ಹಾಗೆ ಆಗುವುದುಂಟು, ಯಾರೂ ಹೆಚ್ಚು ಕೇಳಲಿಲ್ಲ.

ಮೇಡಂ ಹಿಂತಿರುಗಿ ಬೀರು ತೆಗೆದರು. ಒಂದು ರೈಫಲಿನಲ್ಲಿ ಗುರಿ ನೋಡುವ ಹಿಂದಿನ ಸೈಟನ್ನು ಯಾರೋ ಬಿಚ್ಚಿ ಮತ್ತೆ ಸೊಟ್ಟಕ್ಕೆ ಕೂರಿಸಿದ್ದರು. ನಳಿಕೆಯೊಳಗೆ ಕೊಳೆ. ಬೀರುವಿನ ತಳದಲ್ಲಿ ಮೂತಿ ಚೂಪಾದ ಎರಡು ಸೀಸದ ಗುಂಡು ಬಿದ್ದಿದ್ದವು. ಕಾಗದದ ಗುರಿಗೆ ಹೊಡೆಯುವುದು ಚಪ್ಪಟೆ ಮೂತಿಯವು, ದುಂಡಗೆ ಅಚ್ಚು ಹಾಕಿದ ಹಾಗೆ ತೂತು ಬೀಳುತ್ತದೆ. ಚೂಪಾದವು ಪ್ರಾಣಿಗೆ. ಅಂಥದ್ದನ್ನು ಮೇಡಂ ಗೋಡೌನಿನ ಒಳಗೇ ಬಿಡುತ್ತಿರಲಿಲ್ಲ. ಅವರು ಅವನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದರು. ಕೂರಲಿಲ್ಲ.

“ಆ ಹೆಂಗಸಿಗೆ ಯಾವ ದಿನ ಆದದ್ದು?”

ಹೇಳಿದೆ. ಅವರು ನೇರ ಆಸ್ಪತ್ರೆಗೆ ಹೋದರು. ಡಾಕ್ಟರು ಸರೋಜಳ ಕಣ್ಣಿನಿಂದ ತೆಗೆದದ್ದು ಕಡ್ಡಿಯಲ್ಲ, ಸೀಸ. ಸರೋಜ ಹಾಸಿಗೆಯಲ್ಲಿ ಮಲಗಿಕೊಂಡೇ ಎಲ್ಲ ಹೇಳಿದಳಂತೆ. ಅಧ್ಯಕ್ಷರ ತಮ್ಮನ ಮಗ, ಜೊತೆಗೆ ಅತಿಥಿಗಳು, ಕಣದ ಪಕ್ಕದ ಮರದಲ್ಲಿ ಮಂಗ. ಹುಡುಗ ಅದಕ್ಕೆ ಹೊಡೆದದ್ದು ಇವಳ ಕಣ್ಣಿಗೆ.

ಮೇಡಂ ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ಠಾಣೆಗೆ ಹೋಗಿ ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆಸಿ ಬಂದರು. ಮರುದಿನವೇ ಅಧ್ಯಕ್ಷರು ಅವರ ಮನೆಗೆ ಬಂದು ಹೋದರು. ಆ ಮಾತುಕತೆಯನ್ನು ಮೇಡಂ ನನಗೆ ಹೇಳಿದ್ದು ಹೀಗೆ:

“‘ಅವಳ ಆಸ್ಪತ್ರೆ ಖರ್ಚೆಲ್ಲ ನಾನು ನೋಡ್ಕೋತೀನಿ ಮೇಡಂ, ಹುಡುಗನ ಭವಿಷ್ಯ’ ಅಂದ್ರು. ನಾನು, ‘ಅವಳ ಕಣ್ಣಿನ ಭವಿಷ್ಯ?’ ಅಂದೆ. ಕಾಫಿ ಕುಡೀದೆ ಎದ್ದು ಹೋದ್ರು.”

ಸರೋಜ ಆಸ್ಪತ್ರೆಯಿಂದ ಲೈನ್ ಮನೆಗೆ ಬಂದಳು. ಲೈನ್ ಮನೆ ಅಂದರೆ ಎಸ್ಟೇಟಿನದೇ ಮನೆ. ಅವಳ ಗಂಡನ ಕೆಲಸ ಅಲ್ಲೇ, ಅತ್ತೆಯ ಕೆಲಸ ಅಲ್ಲೇ. ಪೊಲೀಸರು ಕೇಳಲು ಹೋದಾಗ ಅವಳು ಕಡ್ಡಿ ಚುಚ್ಚಿತು ಅಂದಳು. ಸೀಸ ಹೇಗೆ ಬಂತು ಅಂದರೆ ಗೊತ್ತಿಲ್ಲ ಅಂದಳು. ಪೆಟ್ಟು ತಿಂದವಳೇ ಹಾಗಂದ ಮೇಲೆ ಅದು ಅಲ್ಲಿಗೆ ನಿಂತಿತು.

ನಿಲ್ಲದ್ದು ಬೇರೆ ಇತ್ತು. ಬೀರುವಿನ ಕೀಲಿ ಇದ್ದದ್ದು ಮೇಡಂ ಹತ್ತಿರ, ರೈಫಲ್ ಹೊರಗೆ ಹೋದದ್ದು ಅವರ ಅಜಾಗ್ರತೆಯಿಂದ, ಈಗ ಕ್ಲಬ್ಬಿನ ಹೆಸರು ಕೆಡಿಸುತ್ತಿದ್ದಾರೆ ಅಂತ ಊರಲ್ಲಿ ಮಾತು ಹಬ್ಬಿತು. ಕ್ಲಬ್ಬಿನ ಸಭೆ ಕರೆದರು. ಮಕ್ಕಳ ತಂದೆ ತಾಯಿಯರೆಲ್ಲ ಬಂದಿದ್ದರು. ಅಧ್ಯಕ್ಷರು ಯಾರನ್ನೂ ಬೈಯಲಿಲ್ಲ. “ಮೇಡಂಗೆ ವಯಸ್ಸಾಯ್ತು, ಅವರಿಗೂ ವಿಶ್ರಾಂತಿ ಬೇಕು” ಅಂದರು.

ಮೇಡಂ ಎದ್ದು ನಿಂತು, “ಎರಡನೇ ಕೀಲಿ ಯಾರ ಹತ್ರ ಇದೆ ಅಂತ ಒಬ್ಬರಾದ್ರೂ ಹೇಳಿ” ಅಂದರು.

ಎಲ್ಲರೂ ತಲೆ ತಗ್ಗಿಸಿದರು. ನಾನು ಎದ್ದು, “ಅಧ್ಯಕ್ಷರ ಹತ್ರ ಇದೆ, ಅವರು ಬೀರು ತೆಗೆದಿದ್ದನ್ನು ನಾನು ನೋಡಿದ್ದೇನೆ” ಅಂದೆ. ಹಿಂದಿನ ಸಾಲಿನಿಂದ ಯಾರೋ, “ಬ್ಲೌಸ್ ಹೊಲಿಯೋರಿಗೆಲ್ಲ ಇಲ್ಲಿ ಎಂತ ಕೆಲಸ?” ಅಂದರು. ಕೆಲವರು ನಕ್ಕರು. ನಕ್ಕವರಲ್ಲಿ ಮೇಡಂ ಕೈಯಲ್ಲಿ ಕಲಿತು ರಾಜ್ಯಮಟ್ಟದಲ್ಲಿ ಪದಕ ತಂದ ಹುಡುಗಿಯ ತಾಯಿಯೂ ಇದ್ದರು. ಆಮೇಲೆ ಎಸ್ಟೇಟು ಮನೆಗಳಿಂದ ನನಗೆ ಬಟ್ಟೆ ಬರುವುದು ನಿಂತಿತು. ಇರಲಿ.

ಅವತ್ತೇ ಮೇಡಂ ಕ್ಲಬ್ಬಿನಿಂದ ಹೊರಗೆ. ಗೋಡೌನಿನಿಂದ ಅವರು ತಂದದ್ದು ತಮ್ಮ ಒಂದು ಜೊತೆ ಬೂಟು ಮಾತ್ರ.

ಅದಾಗಿ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ, “ಬಾ, ಒಂದು ಕಡೆ ಹೋಗುವ” ಅಂತ ನನ್ನನ್ನು ಸ್ಕೂಟರಿಗೆ ಹತ್ತಿಸಿಕೊಂಡರು. ಹೋದದ್ದು ಸರೋಜಳ ಲೈನ್ ಮನೆಗೆ. ಅಧ್ಯಕ್ಷರು ಊರಲ್ಲಿಲ್ಲ ಅಂತ ತಿಳಿದುಕೊಂಡೇ ಹೊರಟಿದ್ದರು. ಸರೋಜ ನಮ್ಮನ್ನು ಕಂಡು ಬಾಗಿಲಲ್ಲೇ ಬಿಳಿಚಿಕೊಂಡಳು. ಅವಳ ಮುಂಗೈಯಲ್ಲಿ ಸುಟ್ಟ ಗಾಯ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದೆ, ಲೋಟಕ್ಕೆ ಬಗ್ಗಿಸಿದ ಬಿಸಿ ನೀರು ಕೈಮೇಲೆ ಬಿದ್ದಿತ್ತು. ಹಣ್ಣು ಕೊಯ್ಯಲು ಹೋದರೆ ಕೈ ಗೊಂಚಲು ತಲುಪುವ ಮೊದಲೇ ಮುಚ್ಚಿಕೊಳ್ಳುತ್ತದೆ, ಮೇಸ್ತ್ರಿ ಬೈಯುತ್ತಾನೆ ಅಂದಳು.

“ಅದಕ್ಕೇ ಬಂದದ್ದು. ಲೋಟ ಚೊಂಬು ತಗೊಂಡು ಬಾ,” ಅಂದರು ಮೇಡಂ.

“ಮೇಡಮ್ಮ, ನಾನು ನಿಮ್ಮ ಮೇಲೆ ಸುಳ್ಳು ಹೇಳಿದೋಳು.”

“ನನ್ನ ಮೇಲೆ ಎಲ್ಲಿ ಹೇಳಿದ್ದು? ನೀನು ಹೇಳಿದ್ದು ಕಾಫಿ ಗಿಡದ ಮೇಲೆ. ತಗೊಂಡು ಬಾ.”

ಅಂಗಳದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ತಲೆಯನ್ನು ಸ್ವಲ್ಪ ಆ ಕಡೆ ಈ ಕಡೆ ಆಡಿಸು, ಹತ್ತಿರದ ಸಾಮಾನು ಹೆಚ್ಚು ಸರಿದ ಹಾಗೆ ಕಾಣುತ್ತೆ, ದೂರದ್ದು ಕಡಿಮೆ. ಚೊಂಬಿನ ಬಾಯನ್ನು ಲೋಟದ ಅಂಚಿಗೆ ಮುಟ್ಟಿಸಿ ಆಮೇಲೆ ಬಗ್ಗಿಸು. ಹಣ್ಣಿಗೆ ಕೈ ಹಾಕುವ ಮೊದಲು ಕೊಂಬೆ ಮುಟ್ಟು, ಕೊಂಬೆಯ ಮೇಲೇ ಕೈ ಜಾರಿಸಿಕೊಂಡು ಹೋಗು. ಸರೋಜ ಹನಿ ಚೆಲ್ಲದೆ ನೀರು ಬಗ್ಗಿಸಿದಾಗ ಅವಳ ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಮೇಡಂ ಆಮೇಲೂ ಹಲವು ಸಲ ಹೋಗಿದ್ದರಂತೆ. ಎಸ್ಟೇಟಿನ ರೈಟರು, ಅಂದರೆ ಲೆಕ್ಕ ಬರೆಯುವವರು, ಒಮ್ಮೆ ಗೇಟಿನಲ್ಲಿ ತಡೆದ ಮೇಲೆ ಅದೂ ನಿಂತಿತು.

ಅವರು ಮೂಡಿಗೆರೆ ಬಿಟ್ಟು ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದರು. ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತೇನೆ ಅಂತ ಕೇಳಿದರು. ಎಲ್ಲರೂ ಕೂರಿಸಿ ಮಾತಾಡಿಸುತ್ತಿದ್ದರು, ಆಮೇಲೆ ಫೋನ್ ಮಾಡುತ್ತೇವೆ ಅನ್ನುತ್ತಿದ್ದರು. ಯಾರದೋ ಕಣ್ಣು ಹೋದ ವಿಷಯದಲ್ಲಿದ್ದ ಮೇಡಂ ಇವರೇ ಅನ್ನುವ ಮಾತು ಅವರಿಗಿಂತ ಮೊದಲೇ ಘಟ್ಟದ ರಸ್ತೆ ಇಳಿದು ಹತ್ತಿ ಎಲ್ಲ ಕಡೆ ತಲುಪಿತ್ತು. ಯಾರು ಮಾಡಿದ್ದು, ಯಾರು ಬಾಯಿಬಿಟ್ಟಿದ್ದು ಅನ್ನುವ ವ್ಯತ್ಯಾಸವೆಲ್ಲ ಮಾತಿನ ಜೊತೆ ಹೋಗುವುದಿಲ್ಲ. ಇತ್ತ ಗೋಡೌನಿಗೆ ಬಣ್ಣ ಬಳಿದು, ‘ಅತಿಥಿಗಳಿಗೆ ರೈಫಲ್ ಶೂಟಿಂಗ್’ ಅಂತ ಬೋರ್ಡು ಹಾಕಿದರು. ಅಲ್ಲೀಗ ಬಾಟಲಿ ಹೊಡೆಯಬಹುದು.

ನಾನು ಆಗಾಗ ಹೋಗಿ ಬರುತ್ತಿದ್ದೆ. ವಯಸ್ಸಾದಂತೆ ಅವರು ಮೆತ್ತಗಾಗಲಿಲ್ಲ. ಕಹಿಯಾಗುತ್ತಲೇ ಹೋದರು. ಪಕ್ಕದ ಮನೆಯವರ ಜೊತೆ ನೀರಿಗೆ ಜಗಳ, ಹಾಲಿನವನ ಜೊತೆ ಜಗಳ. ಕಲಿಸಿದ ಮಕ್ಕಳ ಹೆಸರೆತ್ತಿದರೆ, “ಯಾರು ಅದು? ನಂಗೆ ಗೊತ್ತಿಲ್ಲ” ಅನ್ನುತ್ತಿದ್ದರು. ಕೊನೆಯ ಸಲ ಹೋದಾಗ ಕಾಯಿಲೆ ಮೈಯನ್ನು ಅರ್ಧ ತಿಂದಿತ್ತು. ಸಮಾಧಾನ ಹೇಳಬೇಕೆಂದು ನಾನು, “ನೀವು ಸರಿಯಾದ್ದನ್ನೇ ಮಾಡಿದ್ರಿ ಮೇಡಂ, ಮನಸ್ಸಿಗೆ ಅಷ್ಟಾದ್ರೂ ನೆಮ್ಮದಿ ಇರಬೇಕಲ್ಲ” ಅಂದೆ.

ಅವರು ನನ್ನನ್ನೇ ನೋಡಿದರು. “ಎಂತ ನೆಮ್ಮದಿ ಮಾರಾಯ್ತಿ? ಅವಳಿಗೆ ಕಣ್ಣು ಬಂತಾ? ಅವನಿಗೆ ಶಿಕ್ಷೆ ಆಯ್ತಾ? ನಂಗೆ ಒಂದು ಗೋಡೌನ್ ಇತ್ತು, ಅದೂ ಹೋಯ್ತು. ನೆಮ್ಮದಿ ಅಂತೆ. ನೀನೂ ಪೇಪರಲ್ಲಿ ಬರೆಯೋರ ಹಾಗೆ ಮಾತಾಡಬೇಡ.”

ಗಂಜಿ ಕಾಯಿಸಿಟ್ಟು ಬಂದೆ.

ಅವರು ತೀರಿಕೊಂಡ ದಿನ ನಾನು ಚಿಕ್ಕಮಗಳೂರು ತಲುಪಿದಾಗ ಸಂಸೆಯಿಂದ ಅವರ ತಮ್ಮ ಬಂದಾಗಿತ್ತು. ಮನೆಯ ಮುಂದಿನ ಸಣ್ಣ ಜಾಗದಲ್ಲಿ ಮಲಗಿಸಿದ್ದರು. ಮೂಡಿಗೆರೆಯಿಂದ ಕಾರುಗಳು ಬರತೊಡಗಿದವು. ಸಭೆಯಲ್ಲಿ ತಲೆ ತಗ್ಗಿಸಿ ಕೂತಿದ್ದವರು, ನಕ್ಕವರು, ಎಲ್ಲರೂ ಬಿಳಿ ಬಟ್ಟೆಯಲ್ಲಿ. ಅಧ್ಯಕ್ಷರು ದೊಡ್ಡ ಹಾರ ಹಿಡಿದುಕೊಂಡು ಬಂದರು. ಹಿಂದೆ ಅವರ ತಮ್ಮನ ಮಗ. ಅಧ್ಯಕ್ಷರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ.

ಸರೋಜ ಬಂದದ್ದು ಆಮೇಲೆ. ಎಸ್ಟೇಟಿನಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದಳು. ಗೇಟಿನ ಹತ್ತಿರವೇ ನಿಂತಿದ್ದಳು. ಅಧ್ಯಕ್ಷರು ಅವಳನ್ನು ಕಂಡು ಮೆತ್ತಗೆ, “ಬನ್ನಿ ಸರೋಜ, ನಮಸ್ಕಾರ ಮಾಡಿ” ಅಂದರು.

ಅವಳು ಮುಂದೆ ಬಂದಳು. ಮೇಡಂ ಕಾಲು ಮುಟ್ಟಿದಳು. ಆಮೇಲೆ ಎದ್ದು ಎಲ್ಲರ ಎದುರಿಗೆ, ಸ್ಪಷ್ಟವಾಗಿ ಕೇಳಿದಳು:

“ನನ್ನ ಕಣ್ಣು ಕಡ್ಡಿ ಚುಚ್ಚಿ ಹೋದದ್ದಲ್ಲ. ಹೊಡೆದೋರು ಇಲ್ಲೇ ನಿಂತಿದ್ದಾರೆ. ಈಗಾದ್ರೂ ಹೇಳ್ಲಾ ಧಣಿ?”

ಹುಡುಗ ನೆಲ ನೋಡಿದ. ಪದಕ ತಂದ ಹುಡುಗಿಯ ತಾಯಿ ಪಕ್ಕದವರ ಹತ್ತಿರ, ದಹನ ಎಷ್ಟು ಹೊತ್ತಿಗೆ ಅಂತ ವಿಚಾರಿಸಿದರು. ಯಾರೋ ಹೂವಿನ ಬುಟ್ಟಿ ಎತ್ತಿಟ್ಟರು. ಮೇಡಂ ತಮ್ಮನಿಗೆ ವಿಷಯವೇ ತಿಳಿಯದು, ಅವರು ಕಕ್ಕಾಬಿಕ್ಕಿಯಾಗಿ ಎಲ್ಲರ ಮುಖ ನೋಡಿದರು. ಅಧ್ಯಕ್ಷರು ಸರೋಜಳ ತಲೆಯ ಮೇಲೆ ಕೈಯಿಟ್ಟು, “ಪಾಪ, ದುಃಖದಲ್ಲಿ ಏನೇನೋ ಹೇಳ್ತಿದಾಳೆ. ಡ್ರೈವರ್‌ಗೆ ಹೇಳ್ತೀನಿ, ಜೀಪಲ್ಲಿ ಮನೆಗೆ ಬಿಡ್ತಾನೆ” ಅಂದರು. ಬಂದವರು ಒಬ್ಬೊಬ್ಬರಾಗಿ ಹೂ ಹಾಕಿ ಕೈಮುಗಿಯುವುದು ಮುಂದುವರಿಯಿತು.

ಸರೋಜ ಜೀಪು ಹತ್ತಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದು ಬಂದಳು. ಮೂಡಿಗೆರೆ ಬಸ್ಸು ತುಂಬಿತ್ತು, ನಿಂತೇ ಹೊರಟೆವು. ನಾಳೆ ಲೈನ್ ಮನೆ ಖಾಲಿ ಮಾಡು ಅಂದರೆ ಎಲ್ಲಿಗೆ ಹೋಗುವುದು ಅಂತ ಅವಳು ಯೋಚಿಸುತ್ತಿರಬಹುದು ಅಂದುಕೊಂಡೆ. ಊರು ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ ಕೇಳಿದಳು:

“ಹೇಳಿದ್ದು ತಡ ಆಯ್ತು, ಅಲ್ವಾ ಅಕ್ಕ?”

ಇಲ್ಲ ಅನ್ನಬಹುದಿತ್ತು. ಅವಳ ಮುಖ ನೋಡಿದರೆ ಹಾಗೆ ಅನ್ನಲಿ ಅಂತಲೇ ಕೇಳಿದ ಹಾಗಿತ್ತು.

“ಹೌದು ಸರೋಜ,” ಅಂದೆ. “ತಡ ಆಯ್ತು.”